ದೂರದೇಶದ ಡಿವಿಡೆಂಡ್, ಇಳಕಲ್ಲಿನ ಗಾದಿ

ಅದು ೨೦೨೪ರ ಏಪ್ರಿಲ್ ತಿಂಗಳು. ಬಾಗಲಕೋಟೆಯ ನವನಗರದಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಎಂದು ನಾನು ಬೋರ್ಡು ಹಾಕಿ ಮೂವತ್ತು ವರ್ಷ ದಾಟಿತ್ತು. ಮಾರ್ಚ್ ಕೊನೆಯ ಗದ್ದಲ ಮುಗಿದಿತ್ತು. ವರ್ಷದಲ್ಲಿ ನನಗೆ ಸಿಗುವ ನಾಲ್ಕು ಶಾಂತ ದಿನಗಳಲ್ಲಿ ಅದೂ ಒಂದು. ಬಾಗಿಲು ಅರ್ಧ ಮುಚ್ಚಿ, ಫ್ಯಾನಿನ ಕೆಳಗೆ ಕಾಲು ಚಾಚಿ, ಅಮೀನಗಡದ ಕರದಂಟು ಕಡಿಯುತ್ತ ಕೂತಿದ್ದೆ. ಅಂಥ ಹೊತ್ತಿನಲ್ಲಿ ಯಾರಾದರೂ ಬಂದರೆ ನನಗೆ ಸಿಟ್ಟು ಬರುತ್ತದೆ. ಬಂದವರು ಇಳಕಲ್ಲಿನ ಮಹಾಂತಪ್ಪನವರು ಎಂದು ಗೊತ್ತಾದ ಮೇಲೆ ಅರ್ಧ ಸಿಟ್ಟು ಇಳಿಯಿತು. ಹಿಂದೆಯೇ ಅವರ ಮನೆಯವರು ಗೌರವ್ವನವರೂ ಬಂದದ್ದು ಕಂಡು ಉಳಿದರ್ಧ ಕುತೂಹಲವಾಯಿತು. ಗಂಡಹೆಂಡತಿ ಇಬ್ಬರೂ ಕೂಡಿ ಲೆಕ್ಕದವರ ಹತ್ತಿರ ಬರುವುದು ಏನೋ ಆದಾಗ ಮಾತ್ರ.

ಮಹಾಂತಪ್ಪನವರಿಗೆ ಆಗ ಐವತ್ತೇಳು. ಇಳಕಲ್ಲಿನಲ್ಲಿ ಅಪ್ಪನ ಕಾಲದಿಂದ ಬಂದ ಸೀರೆ ಅಂಗಡಿ. ನೇಕಾರರಿಗೆ ನೂಲು ಕೊಟ್ಟು, ಮಜೂರಿ ಕೊಟ್ಟು, ಸೀರೆ ನೇಯಿಸಿ ಮಾರುವ ವ್ಯಾಪಾರ. ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿದಿತ್ತು. ಅವರ ಅಂಗಡಿಯ ಲೆಕ್ಕ ನನ್ನ ಹತ್ತಿರವೇ ಇದ್ದುದರಿಂದ ಅವರು ನನಗೆ ಕ್ಲೈಂಟ್‌ಗಿಂತ ಹೆಚ್ಚಾಗಿ ಅಣ್ಣನಂತೆಯೇ ಆಗಿದ್ದರು.

"ಅಕ್ಕಾರ, ಅಂಗಡಿ ಕೊಡಾಕತ್ತೇನ್ರಿ," ಎಂದರು, ಕುರ್ಚಿಯ ಮೇಲೆ ಕೂಡುವ ಮೊದಲೇ.

"ಯಾರಿಗೆ ಕೊಡಾಕತ್ತೀರಿ?"

"ಮಾರಾಕತ್ತೇನ್ರಿ. ಎಪ್ಪತ್ತೈದು ಲಕ್ಷಕ್ಕ ಮಾತಾಗೇತಿ. ಬಸವ ಜಯಂತಿ ದಿನ ಇಸಾರ ತೊಗೊಳ್ಳೋದು. ಆ ರೊಕ್ಕಾನೂ ಇದರಾಗ ಹಾಕಿ ಆರಾಮ ಕುಂದ್ರತೇನಿ," ಎಂದು ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಇಸಾರ ಎಂದರೆ ನಮ್ಮ ಕಡೆ ವ್ಯವಹಾರ ಕುದುರಿದ್ದಕ್ಕೆ ತೆಗೆದುಕೊಳ್ಳುವ ಮುಂಗಡ. ಒಮ್ಮೆ ಅದನ್ನು ತೆಗೆದುಕೊಂಡರೆ ನಮ್ಮ ಮಂದಿ ಮಾತು ತಿರುಗಿಸುವುದಿಲ್ಲ.

ಮೊಬೈಲಿನಲ್ಲಿ ಇದ್ದದ್ದು ಒಂದು ಇಟಿಎಫ್. ಹಲವು ಕಂಪನಿಗಳ ಷೇರುಗಳನ್ನು ಒಂದೇ ಬುಟ್ಟಿಗೆ ಹಾಕಿ, ಆ ಬುಟ್ಟಿಯ ಸಣ್ಣ ಸಣ್ಣ ತುಣುಕುಗಳನ್ನು ಯೂನಿಟ್ ಎಂದು ಷೇರುಪೇಟೆಯಲ್ಲಿ ಮಾರುವುದೇ ಇಟಿಎಫ್. ಇವರ ಬುಟ್ಟಿಯಲ್ಲಿ ಒಂದೇ ದೇಶದ ಕಂಪನಿಗಳಿದ್ದವು. ಯಾವ ದೇಶ ಎಂದು ನಾನು ಇಲ್ಲಿ ಬರೆಯುವುದಿಲ್ಲ, ಅದು ಕ್ಲೈಂಟ್‌ನ ಗುಟ್ಟು. ನಮ್ಮ ದೇಶವಲ್ಲ, ಸಮುದ್ರ ದಾಟಿದ ದೇಶ ಎಂದಷ್ಟೇ ತಿಳಿದುಕೊಳ್ಳಿ. ಅಂಕಿಗಳನ್ನೂ ಲೆಕ್ಕ ಸುಲಭವಾಗಲಿ ಎಂದು ದುಂಡಗೆ ಮಾಡಿದ್ದೇನೆ. ಮಹಾಂತಪ್ಪನವರು ಹಿಂದಿನ ವರ್ಷ ಒಂದು ಸೈಟು ಮಾರಿದ ಹಣವನ್ನು ಬ್ಯಾಂಕಿನ ಮೂಲಕ ಕಾಯ್ದೆ ಪ್ರಕಾರವೇ ಹೊರಗೆ ಕಳಿಸಿ, ಈ ಫಂಡಿನ ಸಾವಿರ ಯೂನಿಟ್ ಕೊಂಡಿದ್ದರು. ಒಂದು ಯೂನಿಟ್‌ಗೆ ಈಗ ಮೂವತ್ತು ಡಾಲರ್. ವರ್ಷದಲ್ಲಿ ಎರಡು ಸಲ ಡಿವಿಡೆಂಡ್ ಬಂದಿತ್ತು. ಎರಡೂ ಸೇರಿ ಯೂನಿಟ್‌ಗೆ ಮೂರು ಡಾಲರ್. ಪರದೆಯ ಮೇಲೆ 'ಡಿವಿಡೆಂಡ್ ಯೀಲ್ಡ್ ಶೇಕಡಾ ಹತ್ತು' ಎಂದು ಹಸಿರು ಅಕ್ಷರದಲ್ಲಿ ಹೊಳೆಯುತ್ತಿತ್ತು.

"ಅಂಗಡಿ ಮಾರಿದ್ರ ಇನ್ನೂ ಮೂರು ಸಾವಿರ ಯೂನಿಟ್ ಬರ್ತಾವ್ರಿ. ಒಟ್ಟು ನಾಲ್ಕು ಸಾವಿರ. ತಿಂಗಳಿಗೆ ಎಂಬತ್ಮೂರು ಸಾವಿರ ರೂಪಾಯಿ ಬಿತ್ತು. ಇಷ್ಟು ಸಾಕಲ್ರಿ ಜೀವಕ್ಕ?"

"ಸಾಕಾಗಿ ಏನು ಮಾಡ್ತೀರಿ?"

ಮಹಾಂತಪ್ಪನವರ ಮುಖ ಅರಳಿತು. "ಬಾದಾಮ್ಯಾಗ ಒಬ್ಬರು ಮಾಸ್ತರು ಹಾರ್ಮೋನಿಯಂ ಕಲಿಸ್ತಾರ್ರಿ. ಹೊಂಡದ ಹತ್ತಿರ ಒಂದು ಬಾಡಿಗಿ ಖೋಲಿ ನೋಡೇನಿ. ಹದಿನೇಳು ವರ್ಷದಾವ ಇದ್ದಾಗ ಅಪ್ಪ ಆ ಪೆಟಗಿ ಮುಚ್ಚಿಸಿ ಅಂಗಡಿ ಗಾದಿ ಮ್ಯಾಲ ಕುಂದ್ರಿಸಿದ. ನಲವತ್ತು ವರ್ಷ ಆತು, ಇನ್ನೂ ಇಳಿದಿಲ್ಲ."

ಗೌರವ್ವನವರು ಅಲ್ಲಿಯತನಕ ಕ್ಯಾಲೆಂಡರ್ ನೋಡುತ್ತಿದ್ದರು. "ನಮ್ಮವರಿಗೆ ಇಳಕಲ್ಲಿನ ಸುದ್ದಿ ಸಾಕಾಗೇತ್ರಿ ಅಕ್ಕಾರ," ಎಂದರು. "ಅಂಗಡಿಗೆ ಗಿರಾಕಿ ಬಂದು ನಿಂತಿರ್ತಾವ. ಇವರು ಆ ದೇಶದಾಗ ಮಳಿ ಆತೋ ಇಲ್ಲೋ ನೋಡ್ಕೋತ ಕುಂತಿರ್ತಾರ."

"ಅಲ್ಲಿ ಮಳಿ ಜೋರಾದ್ರ ನಮ್ಮ ಫಂಡಿನ ಗಣಿ ಬಂದ್ ಆಗ್ತಾವ," ಎಂದು ಮಹಾಂತಪ್ಪನವರು ಬಹಳ ಗಂಭೀರವಾಗಿ ನನಗೆ ವಿವರಿಸಿದರು. ನಾನು ನಗೆ ತಡೆದುಕೊಳ್ಳಲು ಇನ್ನೊಂದು ತುಂಡು ಕರದಂಟು ಬಾಯಿಗೆ ಹಾಕಿಕೊಂಡೆ.

ಕೊನೆಗೆ ತೀರ್ಮಾನ ಇಷ್ಟಾಯಿತು. ಫಂಡಿನ ಡಿವಿಡೆಂಡ್ ದಾಖಲೆಯನ್ನು ನಾನು ಪೂರ್ತಿ ಪರಿಶೀಲಿಸಿ, ಈ ಆದಾಯವನ್ನು ನಂಬಿ ಅಂಗಡಿ ಮಾರಬಹುದೋ ಬಾರದೋ ಎಂದು ಬರೆದು ಕೊಡಬೇಕು. ಬಸವ ಜಯಂತಿಗೆ ಮೂರು ವಾರವಿತ್ತು. ಮಹಾಂತಪ್ಪನವರು ಕೆಳಗಿಳಿದು ಕಾರಿನ ಕಡೆ ಹೋದರು. ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಗೌರವ್ವನವರು ಹಿಂದುಳಿದರು.

"ಅಕ್ಕಾರ, ಇವರು ಪೆಟಗಿ ಬಾರಸ್ಲಿ, ನನಗ ಖುಷಿನ. ಆದ್ರ ಲಗ್ನ ಆಗಿ ಬಂದ ಮರುವರ್ಷದಿಂದ ನಾ ಆ ಅಂಗಡ್ಯಾಗ ಅದೇನಿ. ಮಾರಿದ ಮರುದಿನ ಮುಂಜಾನಿ ಎದ್ದು ನಾ ಎಲ್ಲಿ ಹೋಗ್ಲಿ?"

ದಿನವಿಡೀ ಆ ಮಾತು ನನ್ನ ತಲೆಯಲ್ಲಿ ಕೂತಿತ್ತು.

ಪರಿಶೀಲನೆ ಹೇಗೆ ಮಾಡಿದೆ ಎಂಬುದನ್ನು ಸ್ವಲ್ಪ ಹೇಳಬೇಕು. ಇದು ಗೊತ್ತಿಲ್ಲದೆ ಹಸಿರು ಅಕ್ಷರಕ್ಕೆ ಮರುಳಾಗುವವರು ಇಳಕಲ್ಲಿನಲ್ಲಿ ಮಾತ್ರ ಇಲ್ಲ. ಯೀಲ್ಡ್ ಎಂದರೆ ಕಳೆದ ಹನ್ನೆರಡು ತಿಂಗಳಲ್ಲಿ ಕೊಟ್ಟ ಡಿವಿಡೆಂಡನ್ನು ಇವತ್ತಿನ ಬೆಲೆಯಿಂದ ಭಾಗಿಸಿದ ಅಂಕಿ. ಅದು ದೊಡ್ಡದಾಗಿ ಕಾಣಲು ಎರಡು ದಾರಿ ಇವೆ. ಡಿವಿಡೆಂಡ್ ಏರಬೇಕು, ಇಲ್ಲವೇ ಯೂನಿಟ್‌ನ ಬೆಲೆ ಇಳಿಯಬೇಕು. ಇಲ್ಲಿ ಎರಡೂ ಆಗಿದ್ದವು. ಮಹಾಂತಪ್ಪನವರು ಮೂವತ್ತಾರು ಡಾಲರ್‌ಗೆ ಕೊಂಡ ಯೂನಿಟ್ ಮೂವತ್ತಕ್ಕೆ ಇಳಿದಿತ್ತು. ಬಂದ ಮೂರು ಡಾಲರ್ ಅವರಿಗೆ ಕಂಡಿತ್ತು, ಹೋದ ಆರು ಡಾಲರ್ ಕಂಡಿರಲಿಲ್ಲ.

ಫಂಡಿನವರು ತಮ್ಮ ಜಾಲತಾಣದಲ್ಲಿ ಹತ್ತು ವರ್ಷದ ವಿತರಣೆಯನ್ನು ಹಾಕಿದ್ದರು. ವರ್ಷವಾರು ಬರೆದು ನೋಡಿದೆ. ಹೆಚ್ಚಿನ ವರ್ಷ ಒಂದು ಡಾಲರ್‌ನಿಂದ ಒಂದೂವರೆಯ ನಡುವೆ. ಒಂದು ವರ್ಷ ಎರಡು ಡಾಲರ್ ನಲವತ್ತು ಸೆಂಟ್. ಕೊರೊನಾ ಬಂದ ವರ್ಷ ಬರೀ ಅರವತ್ತು ಸೆಂಟ್. ಎಲ್ಲಕ್ಕಿಂತ ಎತ್ತರದ್ದು ಈ ಮೂರು ಡಾಲರ್. ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ ನಡುವಿನ ವರ್ಷ ನೋಡಿದರೆ ಒಂದು ಡಾಲರ್ ಇಪ್ಪತ್ತು ಸೆಂಟ್. ಡಿವಿಡೆಂಡ್ ದಾಖಲೆ ಓದುವಾಗ ನಾನು ಮೊದಲು ನೋಡುವುದು ನಡುವಿನ ವರ್ಷವನ್ನು, ಆಮೇಲೆ ತೀರ ಕೆಟ್ಟ ವರ್ಷವನ್ನು. ಒಳ್ಳೆಯ ವರ್ಷವನ್ನು ಮಾರುವವರೇ ತೋರಿಸುತ್ತಾರೆ, ಅದಕ್ಕೆ ನನ್ನ ಫೀಸು ಬೇಕಿಲ್ಲ.

ಈ ಮೂರು ಡಾಲರ್ ಎಲ್ಲಿಂದ ಬಂತು ಎಂದು ಬುಟ್ಟಿಯ ಒಳಗೆ ಕೈ ಹಾಕಿದೆ. ಹೆಸರಿಗೆ ಇಡೀ ದೇಶದ ಫಂಡ್. ಆದರೆ ಅರ್ಧದಷ್ಟು ಹಣ ನಾಲ್ಕೇ ಕಂಪನಿಗಳಲ್ಲಿ ಇತ್ತು, ಅದರಲ್ಲಿ ಎರಡು ಗಣಿ ಕಂಪನಿಗಳು. ಅದಿರಿನ ಬೆಲೆ ಏರಿದ್ದರಿಂದ ಆ ಎರಡೂ ಒಂದೇ ಸಲಕ್ಕೆಂದು ವಿಶೇಷ ಡಿವಿಡೆಂಡ್ ಕೊಟ್ಟಿದ್ದವು. ಅದು ಹಬ್ಬದ ಹೋಳಿಗೆ, ದಿನದ ರೊಟ್ಟಿಯಲ್ಲ. ಒಂದೇ ದೇಶದ ಫಂಡಿನ ತೊಂದರೆ ಇದೇ. ಅಲ್ಲಿಯ ಒಂದು ಉದ್ದಿಮೆ ಸೀನಿದರೆ ಇಡೀ ಫಂಡಿಗೆ ನೆಗಡಿಯಾಗುತ್ತದೆ. ಇದರ ಮೇಲೆ ತೆರಿಗೆ. ಫಂಡ್ ಅಮೆರಿಕದಲ್ಲಿ ನೋಂದಣಿಯಾದದ್ದು, ಆದ್ದರಿಂದ ಡಿವಿಡೆಂಡ್ ಕೈಗೆ ಬರುವ ಮೊದಲೇ ಅಲ್ಲಿ ನೂರಕ್ಕೆ ಇಪ್ಪತ್ತೈದು ಮುರಿದುಕೊಳ್ಳುತ್ತಾರೆ. ಇಲ್ಲಿ ಕಟ್ಟುವ ತೆರಿಗೆಯಲ್ಲಿ ಅದನ್ನು ವಜಾ ಮಾಡಿಸಿಕೊಳ್ಳಬಹುದು. ಆದರೆ ಇಲ್ಲಿ ತೆರಿಗೆಯೇ ಬೀಳದಷ್ಟು ಆದಾಯವಿದ್ದರೆ, ಹೋದದ್ದು ಹೋದಂತೆಯೇ.

ನಡುವಿನ ವರ್ಷವನ್ನು ಹಿಡಿದರೆ ನಾಲ್ಕು ಸಾವಿರ ಯೂನಿಟ್‌ಗೆ ತಿಂಗಳಿಗೆ ಸುಮಾರು ಮೂವತ್ಮೂರು ಸಾವಿರ ರೂಪಾಯಿ. ಕೆಟ್ಟ ವರ್ಷಕ್ಕೆ ಹದಿನೇಳು ಸಾವಿರವೂ ಇಲ್ಲ. ಎರಡೂ ತೆರಿಗೆಗೆ ಮೊದಲಿನ ಲೆಕ್ಕ. ಫಂಡ್ ಕೆಟ್ಟದ್ದಲ್ಲ, ಅದರಲ್ಲಿ ಮೋಸವೂ ಇರಲಿಲ್ಲ. ಆದರೆ ಅದರ ಮೇಲೆ ಒಂದು ಸಂಸಾರವನ್ನು ಕೂರಿಸಿದರೆ ಸಂಸಾರ ಅಲುಗಾಡುತ್ತದೆ ಎಂದು ಮೂರು ಪುಟದ ವರದಿ ಬರೆದೆ.

ಮುಂದಿನ ವಾರ ವರದಿ ಹಿಡಿದುಕೊಂಡು ನಾನೇ ಇಳಕಲ್ಲಿಗೆ ಹೊರಟೆ. ಮಹಾಂತಪ್ಪನವರು ಹಾದಿಯ ಮೇಲಿನ ಹುನಗುಂದದಲ್ಲೇ ನನ್ನನ್ನು ನಿಲ್ಲಿಸಿ, ತಮ್ಮ ಹೊಲ ತೋರಿಸಲು ಕರೆದುಕೊಂಡು ಹೋದರು. ಎರೆಮಣ್ಣಿನ ಹೊಲ, ಏಪ್ರಿಲ್‌ನ ಬಿಸಿಲಿಗೆ ಬಾಯಿ ಬಿಟ್ಟಿತ್ತು. ಬೇವಿನ ಮರದ ನೆರಳಿಗೆ ನಿಂತು ನಾನು ವರದಿ ಓದಿ ಹೇಳಿದೆ. ಮೂರು ಡಾಲರ್ ಪ್ರತಿವರ್ಷ ಬರುವುದಿಲ್ಲ ಎಂದೆ. ಅವರು ಒಂದು ಚೂರೂ ಗಾಬರಿಯಾಗಲಿಲ್ಲ.

"ಕಮ್ಮಿ ಕೊಟ್ರ ಕೇಳೂಣ್ರಿ," ಎಂದರು. "ಈಗೂ ಮೂರು ಅಂತ ಹೇಳಿ ಎರಡೂಕಾಲ ಹಾಕ್ಯಾರ. ಅದನ್ನೂ ಕೇಳಬೇಕಾಗೇತಿ. ನೀವು ಇಂಗ್ಲಿಷ್‌ನ್ಯಾಗ ಒಂದು ಪತ್ರ ಬರದು ಕೊಡ್ರಿ."

"ಯಾರನ್ನ ಕೇಳ್ತೀರಿ, ಅಣ್ಣಾರ? ಎರಡೂಕಾಲ ಬಂದದ್ದು ತೆರಿಗಿ ಮುರಕೊಂಡು. ಇನ್ನ ಕಮ್ಮಿ ಕೊಟ್ರ ಯಾರೂ ಜವಾಬ್ದಾರರಲ್ಲ."

"ಹಂಗ ಹೆಂಗ್ರಿ? ಈ ಹೊಲ ನೋಡ್ರಿ. ಹೋದ ವರ್ಷ ಸವಾಲಿನ್ಯಾಗ ಒಬ್ಬರ ಮ್ಯಾಲ ಒಬ್ಬರು ಕೂಗಿ ಎಕರೆಗೆ ಎರಡು ಸಾವಿರ ಏರ್ಸಿ ಹಿಡದ್ರು. ಒಮ್ಮೆ ಏರಿದ ಮ್ಯಾಲ ಈ ವರ್ಷ ಅದಕ್ಕಿಂತ ಕಮ್ಮಿ ಅಂದ್ರ ನಾ ಬಿಡ್ತೇನೇನು? ಮಳಿ ಆಗ್ಲಿ, ಬಿಡ್ಲಿ, ಯುಗಾದಿಗೆ ರೊಕ್ಕ ಎಣಿಸಿ ಕೊಡಬೇಕು."

ಆಗ ನನಗೆ ಬೆಳಕಾಯಿತು. ನಮ್ಮ ಕಡೆ ಹೊಲವನ್ನು ಇನ್ನೊಬ್ಬರಿಗೆ ಹಚ್ಚುವ ರೀತಿ ಎರಡು. ಒಂದು ಲಾವಣಿ: ವರ್ಷಕ್ಕೆ ಇಷ್ಟು ಎಂದು ಮಾತಾಡಿ ಕೊಡುವುದು. ಬೆಳೆ ಬರಲಿ ಬಾರದಿರಲಿ, ಮಾತಾಡಿದ ಹಣ ಹೊಲದವನಿಗೆ ಬರಲೇಬೇಕು. ಇನ್ನೊಂದು ಪಾಲು: ಬೆಳೆದದ್ದರಲ್ಲಿ ಇಬ್ಬರೂ ಹಂಚಿಕೊಳ್ಳುವುದು. ನನ್ನ ಮೂರು ಪುಟದ ವರದಿಯಲ್ಲಿ ಯೀಲ್ಡ್ ಇತ್ತು, ನಡುವಿನ ವರ್ಷ ಇತ್ತು, ತೆರಿಗೆಯ ಕಡಿತ ಇತ್ತು. ಈ ಮನುಷ್ಯ ಸಮುದ್ರದಾಚೆಯ ಫಂಡನ್ನು ಲಾವಣಿಗೆ ಹಚ್ಚಿದ ಹೊಲ ಎಂದು ತಿಳಿದಿದ್ದಾರೆ ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ವರದಿಯನ್ನು ಮಡಚಿ ಚೀಲದಲ್ಲಿ ಇಟ್ಟೆ.

"ಅಣ್ಣಾರ, ಹಳ್ಳದ ಆಚೀಕಿನ ಹೊಲ ಯಾರಿಗೆ ಹಚ್ಚೀರಿ?"

"ಅದು ಪಾಲಿಗೈತ್ರಿ. ಲಾವಣಿಗೆ ಯಾರೂ ಹಿಡಿಯೂದಿಲ್ಲ ಅದನ್ನ."

"ಹೋದ ವರ್ಷ ಎಷ್ಟು ಬಂತು?"

"ಜ್ವಾಳ ಇಪ್ಪತ್ತು ಚೀಲ ಬಂತು ನನ್ನ ಪಾಲಿಗೆ. ಭಾಳ ಚಲೋ ಬಂತು."

"ಅದರ ಹಿಂದಿನ ವರ್ಷ?"

"ನಾಲ್ಕು."

"ಯಾಕ ನಾಲ್ಕ ಅಂತ ಪತ್ರ ಬರದು ಕೇಳಿದ್ರೇನು?"

ಮಹಾಂತಪ್ಪನವರು ಹಳ್ಳದ ಕಡೆ ನೋಡಿದರು, ಮೊಬೈಲ್ ನೋಡಿದರು, ಮತ್ತೆ ಹಳ್ಳದ ಕಡೆ ನೋಡಿದರು. ಟೋಪಿ ತೆಗೆದು ತಲೆ ಒರೆಸಿಕೊಂಡರು.

"ಅಂದ್ರ ಇದು ಪಾಲಿನ ಹೊಲ ಏನ್ರಿ?"

"ಅಪ್ಪಟ ಪಾಲಿನ ಹೊಲ. ನಿಮ್ಮದು ಇಪ್ಪತ್ತು ಚೀಲದ ವರ್ಷ ನೋಡಿ ಹಾಕಿದ ಲೆಕ್ಕ."

ಅವರು ನಕ್ಕರು. ತಮ್ಮ ತಪ್ಪಿಗೆ ತಾವೇ ಹೊಟ್ಟೆ ತುಂಬ ನಗಬಲ್ಲ ಗಂಡಸರು ಕಡಿಮೆ, ಅದಕ್ಕೇ ಮಹಾಂತಪ್ಪನವರನ್ನು ಕಂಡರೆ ನನಗೆ ಇಷ್ಟ. ಆದರೆ ಕಾರು ಇಳಕಲ್ಲಿನ ಹಾದಿ ಹಿಡಿಯುವ ಹೊತ್ತಿಗೆ ನಗೆ ಇಳಿದು ಮುಖ ಸಪ್ಪಗಾಗಿತ್ತು. ಗುಳೇದಗುಡ್ಡದ ಮೇಲೆ ಹಾದು ಬಾದಾಮಿಗೆ ಹೋಗುವ ಬಸ್ಸಿನ ವೇಳೆಯನ್ನು ಅವರು ಆಗಲೇ ಬಾಯಿಪಾಠ ಮಾಡಿಕೊಂಡಿದ್ದರಂತೆ. ನನಗೆ ನಿಜಕ್ಕೂ ಕೆಟ್ಟೆನಿಸಿತು. ಲೆಕ್ಕ ಸರಿಯಾಗಿ ಹೇಳಿದ್ದಕ್ಕೆ ಒಬ್ಬರ ಹಾರ್ಮೋನಿಯಂ ಕಸಿದುಕೊಂಡಂತಾಗಿತ್ತು.

ಅಂಗಡಿಯಲ್ಲಿ ಆಗ ಕೆರೂರಿನ ಕಡೆಯ ಒಂದು ಮದುವೆ ದಿಬ್ಬಣವೇ ಕೂತಿತ್ತು. ಮದುವಣಗಿತ್ತಿಗೆ ಒಂದು ಬಣ್ಣ ಬೇಕು, ಅತ್ತೆಗೆ ಇನ್ನೊಂದು, ಸೋದರತ್ತೆಗೆ ಎರಡೂ ಬೇಡ. ಗೌರವ್ವನವರು ಚಾಪೆಯ ಮೇಲೆ ಕೂತು ಸೀರೆಯ ಮೇಲೆ ಸೀರೆ ಬಿಡಿಸುತ್ತ, ಒಬ್ಬರಿಗೂ ಬೇಸರವಾಗದಂತೆ ಮೂವರನ್ನೂ ದಾರಿಗೆ ತಂದರು. ಬೆಲೆ ಕುದುರಿದ ಮೇಲೆ ಹಣವನ್ನು ಮಾತ್ರ ಗಾದಿಯ ಕಡೆ ಕಳಿಸಿದರು. ಗಾದಿ ಎಂದರೆ ಅಂಗಡಿಯ ಮಾಲೀಕ ಕೂಡುವ ಬಿಳಿ ಬಟ್ಟೆಯ ಮೆತ್ತೆ. ಆ ಓಣಿಯ ಅಂಗಡಿಗಳಲ್ಲಿ ಹೆಣ್ಣುಮಕ್ಕಳು ಸೀರೆ ತೋರಿಸುತ್ತಾರೆ, ನೇಕಾರರ ಮನೆಗೆ ಹೋಗಿ ಬಣ್ಣ ಹೇಳುತ್ತಾರೆ, ದಡಿ, ಅಂದರೆ ಅಂಚು, ಆರಿಸುತ್ತಾರೆ. ಗಾದಿಯ ಮೇಲೆ ಮಾತ್ರ ಗಂಡಸರೇ ಕೂಡಬೇಕು. ಯಾರೂ ಮಾಡಿದ ಕಾಯ್ದೆಯಲ್ಲ, ನಡೆದುಬಂದದ್ದು.

ದಿಬ್ಬಣ ಹೋದ ಮೇಲೆ ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ. ತಿನ್ನುತ್ತಲೇ ನಾನು ಕೇಳಿದೆ: "ಅಣ್ಣಾರ, ಆ ಫಂಡಿಗೆ ಹಚ್ಚಿದ ಪರೀಕ್ಷಾ ನಿಮ್ಮ ಅಂಗಡಿಗೂ ಹಚ್ಚಿ ನೋಡೇನಿ. ಹೇಳ್ಲೇನು?" ಅಂಗಡಿಯ ಹತ್ತು ವರ್ಷದ ಲೆಕ್ಕ ನನ್ನ ಕಂಪ್ಯೂಟರಿನಲ್ಲೇ ಇತ್ತಲ್ಲ. ಒಳ್ಳೆಯ ವರ್ಷ ಒಂಬತ್ತು ಲಕ್ಷ ಲಾಭ. ಪೇಟೆ ಮುಚ್ಚಿದ ಕೊರೊನಾ ವರ್ಷವೂ ನಾಲ್ಕು ಲಕ್ಷ. ನಡುವಿನ ವರ್ಷ ಏಳು. ಫಂಡಿನ ಕೆಟ್ಟ ವರ್ಷ ಅದರ ಒಳ್ಳೆಯ ವರ್ಷದ ಐದನೇ ಒಂದು ಭಾಗ. ಅಂಗಡಿಯದು ಹತ್ತಿರ ಹತ್ತಿರ ಅರ್ಧ. ಇನ್ನೂ ಒಂದು ಮಾತು: ಎಪ್ಪತ್ತೈದು ಲಕ್ಷವನ್ನು ಫಂಡಿಗೆ ಹಾಕಿದರೆ ನಡುವಿನ ವರ್ಷಕ್ಕೆ ಬರುವುದು ಮೂರು ಲಕ್ಷ. ಏಳು ಕೊಟ್ಟು ಮೂರು ಕೊಳ್ಳುವ ವ್ಯವಹಾರ.

"ಖರೆ ಐತ್ರಿ," ಎಂದರು ಮಹಾಂತಪ್ಪನವರು. "ಆದ್ರ ಫಂಡಿಗೆ ಯಾರೂ ಕುಂದ್ರಬೇಕಾಗಿಲ್ಲ. ಅಂಗಡಿಗೆ ಒಬ್ಬರು ಗಾದಿ ಮ್ಯಾಲ ಕುಂದ್ರಬೇಕು. ನನಗ ಗಂಡಮಗ ಇಲ್ಲ. ಎಲ್ಲಿಂದ ಹುಡುಕಿ ತರ್ಲಿ?"

ಗೌರವ್ವನವರು ನನ್ನ ತಾಟಿಗೆ ರೊಟ್ಟಿ ಹಾಕುತ್ತಿದ್ದವರು ಕೈ ನಿಲ್ಲಿಸಿದರು. ದನಿ ಏರಿಸಲಿಲ್ಲ.

"ಹುಡುಕೋದು ಯಾಕ್ರಿ? ನಾ ಇಲ್ಲೇ ಕುಂತೇನಲ್ಲ."

ಮಹಾಂತಪ್ಪನವರ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. "ನೀ ಗಾದಿ ಮ್ಯಾಲ ಕುಂತ್ರ ಬಂದ ಮಂದಿ ಏನಂತಾರ?"

"ಸೀರಿ ತೋರ್ಸು ಅಂತಾರ."

ನಾನು ನಕ್ಕ ರಭಸಕ್ಕೆ ಹಿಂಡಿ ನೆತ್ತಿಗೆ ಏರಿತು. ನೀರು ಕುಡಿದು ಸುಧಾರಿಸಿಕೊಳ್ಳುವಷ್ಟರಲ್ಲಿ ಮಹಾಂತಪ್ಪನವರು ಹೆಂಡತಿಯನ್ನು ಹೊಸದಾಗಿ ನೋಡುವಂತೆ ನೋಡುತ್ತಿದ್ದರು. "ಮನ್ಯಾಗ ದಿನಾ ಬಸವಣ್ಣನ ಫೋಟೋಕ್ಕ ಕೈ ಮುಗೀತೇನಿ," ಎಂದರು ತಮಗೆ ತಾವೇ. "ಇದು ನನಗ ಹೊಳೀಲಿಲ್ಲ ನೋಡ್ರಿ ಅಕ್ಕಾರ." ಗೌರವ್ವನವರ ಕಣ್ಣು ತುಂಬಿತ್ತು. ಅವರು ಒಲೆಯ ಕಡೆ ತಿರುಗಿ, ಅವಶ್ಯಕತೆ ಇಲ್ಲದಿದ್ದರೂ ಇನ್ನೊಂದು ರೊಟ್ಟಿ ಬೇಯಿಸಿದರು. ಅದನ್ನೂ ನಾನೇ ತಿಂದೆ.

ಅಂಗಡಿ ಕೊಳ್ಳಬೇಕೆಂದಿದ್ದವರಿಗೆ ಫೋನ್ ಮಾಡಿ ಬೇಡ ಎಂದೆವು. ಇಸಾರ ತೆಗೆದುಕೊಂಡಿರಲಿಲ್ಲ, ಆದ್ದರಿಂದ ಮಾತು ಮುರಿದಂತಾಗಲಿಲ್ಲ. ನಾನು ಪಾಲುದಾರಿಕೆ ಪತ್ರ ಬರೆದೆ. ಗೌರವ್ವನವರಿಗೆ ಅಂಗಡಿ ನಡೆಸಿದ್ದಕ್ಕೆ ತಿಂಗಳಿಗೆ ಇಪ್ಪತ್ತು ಸಾವಿರ ಸಂಬಳ. ಅದು ಕಳೆದು ಉಳಿದ ಲಾಭದಲ್ಲಿ ಇಬ್ಬರಿಗೂ ಅರ್ಧ ಅರ್ಧ. ಮಹಾಂತಪ್ಪನವರು ಓದಿ, "ಅಂದ್ರ ನಾ ಇನ್ನ ಮ್ಯಾಲ ಆಕಿ ಕಡಿಂದ ಡಿವಿಡೆಂಡ್ ತೊಗೊಳ್ಳಾವ," ಎಂದರು. ಬಸವ ಜಯಂತಿಯ ಬೆಳಿಗ್ಗೆ ಅವರೇ ಕೈ ಹಿಡಿದು ಹೆಂಡತಿಯನ್ನು ಗಾದಿಯ ಮೇಲೆ ಕೂರಿಸಿದರು. ಓಣಿಯ ನಾಲ್ಕು ಅಂಗಡಿಯವರು ಬಂದು ಮೂಗು ಮುರಿದು, ಪೇಢೆ ತಿಂದು ಹೋದರು. ಅದೇ ವಾರ ಮಹಾಂತಪ್ಪನವರು ಬಾದಾಮಿಯ ಬಸ್ಸು ಹತ್ತಿದರು.

ಸಾವಿರ ಯೂನಿಟ್‌ಗಳನ್ನು ಅವರು ಮಾರಲಿಲ್ಲ, ನಾನೂ ಮಾರಿ ಎನ್ನಲಿಲ್ಲ. ಮುಂದಿನ ಸಲದ ಡಿವಿಡೆಂಡ್ ಹಿಂದಿನದರ ಮೂರನೇ ಒಂದು ಭಾಗ ಬಂತು. ಬಾದಾಮಿಯಿಂದ ಫೋನ್ ಬಂತು, ಹಿಂದೆ ಯಾರೋ ಸರಿಗಮ ಬಾರಿಸುತ್ತಿದ್ದರು. "ಅಕ್ಕಾರ, ಸಮುದ್ರದ ಆಚೀಕಿನ ಹೊಲ ಈ ಸಲ ನಾಲ್ಕ ಚೀಲದ್ದ ನೋಡ್ರಿ," ಎಂದು ನಗುತ್ತ ಹೇಳಿದರು. ಆ ದೇಶದಲ್ಲಿ ಮಳೆಯಾಯಿತೇ ಎಂದು ಕೇಳಿದೆ. ನೋಡಿಲ್ಲ, ಪುರುಸೊತ್ತಿಲ್ಲ ಎಂದರು.

ಮೂವತ್ತು ವರ್ಷ ಲೆಕ್ಕ ನೋಡಿದ ನನಗೆ ಈ ಕೇಸು ಕಲಿಸಿದ್ದು ಇಷ್ಟು. ಡಿವಿಡೆಂಡ್ ದಾಖಲೆಯಲ್ಲಿ ಎಷ್ಟು ಬಂತು ಎಂಬುದು ಒಂದೇ ಕಾಲಂ. ಅದನ್ನು ದುಡಿಯುವವರು ಯಾರು ಎಂಬ ಕಾಲಂ ಯಾವ ಜಾಲತಾಣದಲ್ಲೂ ಇರುವುದಿಲ್ಲ, ಅದನ್ನು ಹೋಗಿಯೇ ನೋಡಬೇಕು. ಅಂದಿನಿಂದ ಯಾರಾದರೂ ವ್ಯಾಪಾರ ಮಾರಿ ಬಡ್ಡಿಯ ಮೇಲೋ ಡಿವಿಡೆಂಡಿನ ಮೇಲೋ ಬದುಕುತ್ತೇನೆ ಎಂದು ಬಂದರೆ, ಮೊದಲು ಮನೆಯವರನ್ನೂ ಕರೆದುಕೊಂಡು ಬನ್ನಿ ಎನ್ನುತ್ತೇನೆ.

ಹೋದ ವರ್ಷ ದೀಪಾವಳಿಗೆ ಮುಂಚೆ ಇಳಕಲ್ಲಿಗೆ ಹೋಗಿದ್ದೆ. ಅಂಗಡಿ ತುಂಬ ಮಂದಿ. ಗೌರವ್ವನವರು ಗಾದಿಯ ಮೇಲೆ ಕೂತು ಸೊಲ್ಲಾಪುರದ ಕಡೆಯ ವ್ಯಾಪಾರಿಯೊಬ್ಬರೊಂದಿಗೆ ಬೆಲೆ ಕುದುರಿಸುತ್ತಿದ್ದರು. ನನ್ನನ್ನು ಕಂಡರು, ನಕ್ಕರು, ಏಳಲಿಲ್ಲ. "ಅಕ್ಕಾರ, ಒಂದೀಟು ಕುಂದರ್ರಿ, ಇವರದು ಮುಗಿಸಿ ಬಂದೆ," ಎಂದು ಕೈಯಿಂದ ಚಾಪೆ ತೋರಿಸಿದರು. ಕಾಯುವುದೆಂದರೆ ನನಗೆ ಆಗಿಬರುವುದಿಲ್ಲ. ಆ ದಿನ ಚಾಪೆಯ ಮೇಲೆ ಕೂತು, ಅವರ ವ್ಯಾಪಾರ ಮುಗಿಯುವ ತನಕ ಸಂತೋಷದಿಂದ ಕಾದೆ.